ರಿಪೋರ್ಟಿನಲ್ಲಿ ಹಾಲು ‘ಪಾಸಿಟಿವ್’ ಬಂದಿದೆ, ಮಗನಿಗೆ ಇನ್ನೇನು ಬಿಡಿಸಬೇಕು?

ಪ್ರಶ್ನೆ: ನಾವು ತುಮಕೂರಿನವರು. ಮಗನಿಗೆ ಆರು ವರ್ಷ. ಒಂದು ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಹತ್ತು–ಹದಿನೈದು ಸೀನು, ಮೂಗು ಕಟ್ಟುವುದು, ವಾರದಲ್ಲಿ ಎರಡು ಮೂರು ರಾತ್ರಿ ಕೆಮ್ಮು. ಜ್ವರ ಇರುವುದಿಲ್ಲ. ಯಾರೋ ಹೇಳಿದರೆಂದು ಲ್ಯಾಬಿನಲ್ಲಿ ಎಂಬತ್ತು ವಸ್ತುಗಳ ಅಲರ್ಜಿ ರಕ್ತಪರೀಕ್ಷೆ ಮಾಡಿಸಿದೆವು. ಹಾಲು, ಗೋಧಿ, ತೊಗರಿಬೇಳೆ, ಕಡಲೆಕಾಯಿ, ಬದನೆಕಾಯಿ, ಡಸ್ಟ್ ಮೈಟ್ ಎಲ್ಲವೂ ಪಾಸಿಟಿವ್. ಮೊದಲು ಇವನ್ನೆಲ್ಲ ಚೆನ್ನಾಗಿಯೇ ತಿನ್ನುತ್ತಿದ್ದ. ಎರಡು ತಿಂಗಳಿಂದ ಎಲ್ಲ ನಿಲ್ಲಿಸಿದ್ದೇವೆ. ಸೀನು ಹಾಗೇ ಇದೆ, ತೂಕ ಮಾತ್ರ 19 ಕೆಜಿಯಿಂದ 17.5ಕ್ಕೆ ಇಳಿದಿದೆ. ಇನ್ನೇನು ಬಿಡಿಸಬೇಕು?

ಉತ್ತರ: ಇನ್ನೇನೂ ಬಿಡಿಸಬೇಡಿ ತಾಯಿ. ಬಿಡಿಸಿದ್ದನ್ನು ವಾಪಸ್ ತಟ್ಟೆಗೆ ತರಬೇಕು. ಬೆಳೆಯುವ ಮಗು ಎರಡು ತಿಂಗಳಲ್ಲಿ ಒಂದೂವರೆ ಕೆಜಿ ಕಳೆದುಕೊಂಡಿರುವುದೇ ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದ ಸಂಗತಿ. ಸೀನಿಗಿಂತ ಮೊದಲು ಅದನ್ನು ಸರಿಮಾಡಬೇಕು.

ಆ ಪರೀಕ್ಷೆ ಅಳೆಯುವುದು ಐಜಿಇ ಎಂಬ ಪ್ರತಿಕಾಯವನ್ನು. ಹಾಲಿನ ವಿರುದ್ಧ ಐಜಿಇ ಇದೆ ಅಂದರೆ ದೇಹ ಹಾಲಿನ ಗುರುತು ಹಿಡಿದಿದೆ ಅಂತಷ್ಟೇ ಅರ್ಥ, ಅದರ ಜೊತೆ ಜಗಳಕ್ಕೆ ನಿಂತಿದೆ ಅಂತಲ್ಲ. ನಮ್ಮ ಕರ್ನಾಟಕದಲ್ಲೇ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ನೂರಕ್ಕೆ ಸುಮಾರು 26 ಜನರ ರಕ್ತ ಯಾವುದಾದರೊಂದು ಆಹಾರಕ್ಕೆ ಪಾಸಿಟಿವ್ ಬಂತು. ಲಕ್ಷಣಗಳನ್ನೂ ಸೇರಿಸಿ ನೋಡಿದರೆ ಆಹಾರದ ಅಲರ್ಜಿ ಇರಬಹುದಾದವರು ನೂರಕ್ಕೆ ಸುಮಾರು ಒಬ್ಬರು. ಉಳಿದವರು ರಕ್ತದಲ್ಲಿ ಪಾಸಿಟಿವ್ ಇಟ್ಟುಕೊಂಡೇ ಊಟ ಮಾಡಿ ಆರಾಮವಾಗಿದ್ದವರು. ನಿಮ್ಮ ಮಗನೂ ಹಾಗೇ ಇದ್ದ, ಆ ಕಾಗದ ಕೈಗೆ ಬರುವ ತನಕ.

ಆಹಾರದ ಅಲರ್ಜಿ ಗುಟ್ಟಾಗಿ ಇರುವಂಥದ್ದಲ್ಲ. ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ, ಉಸಿರು ಕಟ್ಟುತ್ತದೆ. ಪ್ರತಿ ಸಲ ತಿಂದಾಗಲೂ ಹೀಗಾಗುತ್ತದೆ. ದಿನಾ ಹಾಲು ಕುಡಿದು, ಚಟ್ನಿಯಲ್ಲಿ ಕಡಲೆಕಾಯಿ ತಿಂದು ಏನೂ ಆಗದ ಮಗುವಿಗೆ ಅವುಗಳ ಅಲರ್ಜಿ ಇಲ್ಲ. ನಿಮ್ಮ ಮಕ್ಕಳ ವೈದ್ಯರಿಗೆ ವಿಷಯ ತಿಳಿಸಿ ಒಂದೊಂದಾಗಿ ಮತ್ತೆ ಶುರುಮಾಡಿ. ಅವನಿಗೆ ಮೊಣಕೈ ಮಡಿಕೆ, ಮಂಡಿ ಹಿಂಭಾಗದಲ್ಲಿ ತುರಿಕೆಯ ಇಸುಬು ಇದ್ದರೆ ಮಾತ್ರ ಮನೆಯಲ್ಲಿ ಆರಂಭಿಸಬೇಡಿ, ವೈದ್ಯರ ಎದುರಿಗೇ ಕೊಡಿಸಿ. ಅಂಥ ಮಕ್ಕಳಲ್ಲಿ ಒಂದು ಆಹಾರವನ್ನು ಸುಮ್ಮನೆ ಬಿಡಿಸಿ ಮತ್ತೆ ಕೊಟ್ಟಾಗ ಹೊಸದಾಗಿ ಅಲರ್ಜಿ ಕಾಣಿಸಿಕೊಂಡದ್ದುಂಟು. ಕಾರಣವಿಲ್ಲದೆ ಆಹಾರ ಬಿಡಿಸಬಾರದು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೂ ಹೌದು.

ಹಾಗಾದರೆ ಸೀನು? ನೀವು ಬರೆದದ್ದನ್ನು ನೋಡಿದರೆ ಅದು ಮೂಗಿನ ಅಲರ್ಜಿಯೇ ಇರಬೇಕು, ಮತ್ತು ಆ ಉದ್ದದ ಪಟ್ಟಿಯಲ್ಲಿ ಕಥೆಗೆ ಹೊಂದುವ ಹೆಸರು ಒಂದೇ, ಡಸ್ಟ್ ಮೈಟ್, ಅಂದರೆ ಹಾಸಿಗೆ, ದಿಂಬಿನ ಧೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದ ಹುಳ. ಇಂಥ ಮಕ್ಕಳು ಕ್ಲಿನಿಕ್ಕಿಗೆ ಬಂದಾಗ ತಾಯಿ ಮಾತಾಡುತ್ತಿರುವಂತೆ ನಾನು ಮಗುವಿನ ಕೈ ನೋಡುತ್ತಿರುತ್ತೇನೆ. ಅಂಗೈಯನ್ನು ಮೂಗಿನ ತುದಿಗೆ ಒತ್ತಿ ಮೇಲಕ್ಕೆ ಉಜ್ಜುತ್ತದೆ, ನಿಮಿಷಕ್ಕೊಂದು ಸಲ. ವರ್ಷಗಟ್ಟಲೆ ಹಾಗೆ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆಯೇ ಬಿದ್ದಿರುತ್ತದೆ. ಕಣ್ಣಿನ ಕೆಳಗೆ ಕಪ್ಪು, ಬಾಯಿ ಅರ್ಧ ತೆರೆದೇ ಇರುತ್ತದೆ. ಆಮೇಲೆ ಕೇಳುತ್ತೇನೆ: ಹಾಸಿಗೆ ಹತ್ತಿಯದೋ, ಎಷ್ಟು ವರ್ಷ ಹಳೆಯದು? ಗೋಡೆಯಲ್ಲಿ ತೇವ ಇದೆಯಾ? ಜಿರಲೆ ಕಾಟ? ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ ಹಚ್ಚುತ್ತೀರಾ? ಮನೆ ಸುತ್ತ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಜಾಸ್ತಿಯಾಗುತ್ತದಾ? ಅಜ್ಜಿ ಮನೆಗೆ ಹೋದಾಗ ಕಡಿಮೆಯಾಗುತ್ತದಾ? ಕಾಯಿಲೆಯ ಗುರುತು ಮುಕ್ಕಾಲು ಪಾಲು ಸಿಗುವುದು ಈ ಉತ್ತರಗಳಲ್ಲೇ.

ಅದಾದ ಮೇಲೂ ಖಚಿತ ಮಾಡಿಕೊಳ್ಳಬೇಕಿದ್ದರೆ ಚರ್ಮದ ಪರೀಕ್ಷೆ ಇದೆ. ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಅನುಮಾನವಿರುವ ಕೆಲವೇ ವಸ್ತುಗಳ ಒಂದೊಂದು ಹನಿ ಇಟ್ಟು, ಹನಿಯ ಮೂಲಕ ಸಣ್ಣ ಮೊನೆಯಿಂದ ಚುಚ್ಚುತ್ತಾರೆ. ರಕ್ತ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಕಾದರೆ ಅಲರ್ಜಿ ಇರುವಲ್ಲಿ ಸೊಳ್ಳೆ ಕಚ್ಚಿದ ಹಾಗೆ ಗುಳ್ಳೆ ಏಳುತ್ತದೆ, 3 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಲೆಕ್ಕಕ್ಕೆ. ಸಿಟ್ರಜಿನ್ ಥರದ ಅಲರ್ಜಿ ಮಾತ್ರೆ ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಗುಳ್ಳೆಯೇ ಏಳದು. ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆ, ಕೂದಲು ಕಳಿಸಿ ಮಾಡಿಸುವ ಪರೀಕ್ಷೆಗಳಿಂದ ಅಲರ್ಜಿ ಪತ್ತೆಯಾಗುವುದಿಲ್ಲ. ಅವಕ್ಕೆ ದುಡ್ಡು ಹಾಕಬೇಡಿ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಬೇಡಿ. ಮೊಮೆಟಸೋನ್ ಎಂಬ ಸ್ಪ್ರೇ ಒಂದು ಸಲ ಒತ್ತಿದರೆ ಬರುವುದು 50 ಮೈಕ್ರೋಗ್ರಾಂ, ಅದರಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಎರಡು ವರ್ಷ ದಾಟಿದ ಮಕ್ಕಳಿಗೆ ಕೊಡುತ್ತೇವೆ, ಕೊಡುವಷ್ಟು ಕಾಲ ಆಗಾಗ ಎತ್ತರ ಅಳೆಯುತ್ತೇವೆ. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಾಕಿ. ಆಗ ತುದಿ ಕಣ್ಣಿನ ಹೊರಮೂಲೆ ಕಡೆ ತಿರುಗುತ್ತದೆ, ನಡುಗೋಡೆಗೆ ತಾಗಿ ರಕ್ತ ಬರುವುದಿಲ್ಲ. ಎರಡು ದಿನ ಹಾಕಿ ‘ಕೆಲಸ ಮಾಡಲಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಪೂರ್ತಿ ಗುಣ ಕಾಣಲು ಒಂದೆರಡು ವಾರ ದಿನಾ ಹಾಕಬೇಕು. ಸೀನು, ತುರಿಕೆ ಜಾಸ್ತಿಯಿದ್ದ ದಿನಕ್ಕೆ ಲಿವೊಸಿಟ್ರಜಿನ್ ಅಥವಾ ಫೆಕ್ಸೊಫೆನಡಿನ್ ಎಂಬ ಅಲರ್ಜಿ ಔಷಧ ಸಾಕು.

ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ನಮ್ಮಲ್ಲಿ ಸೀನಿಗೆಲ್ಲ ಕೊಡುವ ರೂಢಿಯಿದೆ. ಇದರಿಂದ ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ಮಂಕು ಕಾಣಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಇದಕ್ಕೆ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಬರೀ ಮೂಗಿನ ಅಲರ್ಜಿಗೆ ಇದನ್ನೇ ಮೊದಲು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ರಾತ್ರಿ ಕೆಮ್ಮನ್ನು ಪ್ರತ್ಯೇಕವಾಗಿ ನೋಡಿಸಿ. ಓಡಿದಾಗ, ನಕ್ಕಾಗಲೂ ಕೆಮ್ಮು ಬಂದರೆ, ಎದೆಯಲ್ಲಿ ಸುಂಯ್ ಸದ್ದು ಕೇಳಿದರೆ ಅಸ್ತಮಾ ಇರಬಹುದು. ಈ ವಯಸ್ಸಿಗೆ ಊದಿಸಿ ಶ್ವಾಸಕೋಶದ ಪರೀಕ್ಷೆ ಮಾಡಲು ಬರುತ್ತದೆ. ಮನೆಯಲ್ಲಿ ಮಾಡಬೇಕಾದ್ದು ಇಷ್ಟು: ಹೊದಿಕೆ, ದಿಂಬಿನ ಕವರು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ, ಹಾಸಿಗೆ ಬಿಸಿಲಿಗೆ ಹಾಕಿ, ಕಸ ಗುಡಿಸುವುದು ಮಗು ಶಾಲೆಗೆ ಹೋದ ಮೇಲೆ, ಅದೂ ಒದ್ದೆ ಬಟ್ಟೆಯಿಂದ. ಸೊಳ್ಳೆಬತ್ತಿ ಬಿಟ್ಟು ಪರದೆ ಕಟ್ಟಿ.

ಪ್ರಶ್ನೆ: ಹತ್ತು ತಿಂಗಳ ಮಗಳಿಗೆ ಮೊದಲ ಸಲ ಬೇಯಿಸಿದ ಮೊಟ್ಟೆಯ ಬಿಳಿಭಾಗ ಕೊಟ್ಟೆವು. ಹತ್ತು ನಿಮಿಷದೊಳಗೆ ಬಾಯಿ ಸುತ್ತ, ಕೆನ್ನೆ ತುಂಬ ದದ್ದು ಎದ್ದು ಒಂದು ಸಲ ವಾಂತಿಯಾಯಿತು. ಅತ್ತೆ, ‘ಉಷ್ಣ ಆಗಿರಬೇಕು, ಇನ್ನೊಂದು ಸಲ ಕೊಟ್ಟು ನೋಡು’ ಅನ್ನುತ್ತಾರೆ. ಎಂಎಂಆರ್ ಲಸಿಕೆಯಲ್ಲಿ ಮೊಟ್ಟೆ ಇದೆಯಂತೆ, ಹಾಕಿಸಬಹುದಾ?

ಉತ್ತರ: ಇಲ್ಲಿ ಕಥೆಯೇ ಸ್ಪಷ್ಟವಾಗಿ ಹೇಳುತ್ತಿದೆ. ಇದು ಉಷ್ಣವಲ್ಲ, ಮೊಟ್ಟೆಯ ಅಲರ್ಜಿ. ಮನೆಯಲ್ಲಿ ಇನ್ನೊಂದು ಸಲ ಕೊಟ್ಟು ನೋಡಬೇಡಿ, ಅತ್ತೆಯವರಿಗೂ ದಯವಿಟ್ಟು ಇದನ್ನು ಓದಿಸಿ. ಮೊಟ್ಟೆಯ ಐಜಿಇ ಪರೀಕ್ಷೆಗೆ ಅರ್ಥವಿರುವುದು ಇಂಥ ಮಗುವಿನಲ್ಲಿ. ಮೊಟ್ಟೆ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತ ಹೋಗಿಬಿಡುತ್ತದೆ. ಹೋಗಿದೆಯೇ ಎಂದು ನೋಡಲು ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಚೂರುಚೂರೇ ಕೊಟ್ಟು ಪರೀಕ್ಷಿಸುತ್ತಾರೆ.

ಎಂಎಂಆರ್ ತಪ್ಪದೆ ಹಾಕಿಸಿ. ಅದರಲ್ಲಿನ ಎಲ್ಲ ವೈರಸ್ಸುಗಳನ್ನಲ್ಲ, ಕೆಲವನ್ನು ಮಾತ್ರ ಬೆಳೆಸುವುದು ಕೋಳಿ ಭ್ರೂಣದ ಜೀವಕೋಶಗಳಲ್ಲಿ. ಅಲರ್ಜಿ ಎಬ್ಬಿಸುವಷ್ಟು ಮೊಟ್ಟೆಯ ಅಂಶ ಅದರಲ್ಲಿ ಉಳಿದಿರುವುದಿಲ್ಲ.

ಎಂದಾದರೂ ತಪ್ಪಿ ಮೊಟ್ಟೆ ತಿಂದು ಧ್ವನಿ ಗೊಗ್ಗರಾದರೆ, ಉಸಿರಿಗೆ ಕಷ್ಟಪಟ್ಟರೆ, ಮೇಲಿಂದ ಮೇಲೆ ವಾಂತಿಯಾದರೆ, ಮಗು ಬಿಳುಚಿಕೊಂಡು ಸೊರಗಿ ಬಿದ್ದರೆ 108ಕ್ಕೆ ಕರೆ ಮಾಡಿ. ಜೀವ ಉಳಿಸುವ ಔಷಧ ಅಡ್ರಿನಲಿನ್, ಕೆಜಿಗೆ 0.01 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಐದು ನಿಮಿಷದಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಬಹುದು. ಅವಿಲ್, ಡೆಕ್ಸಾ ಇಂಜೆಕ್ಷನ್ ಅದರ ಜಾಗ ತುಂಬಲಾರವು. ‘ಮೊಟ್ಟೆ ಅಲರ್ಜಿ, ಮೊದಲು ಅಡ್ರಿನಲಿನ್’ ಎಂದು ವೈದ್ಯರಿಂದ ಒಂದು ಚೀಟಿ ಬರೆಸಿ ಮಗಳ ಬ್ಯಾಗಿನಲ್ಲಿ ಇಟ್ಟಿರಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಬೇಕು. ಮೊಟ್ಟೆಗೆ ಹೀಗಾಯಿತೆಂದು ಕಡಲೆಕಾಯಿಯನ್ನೂ ಮುಂದೂಡಬೇಡಿ. ಮೊಟ್ಟೆ ಅಲರ್ಜಿಯೋ ತೀವ್ರ ಇಸುಬೋ ಇದ್ದ 640 ಹಸುಗೂಸುಗಳನ್ನು ಲಂಡನ್ನಿನಲ್ಲಿ ಐದು ವರ್ಷದವರೆಗೆ ಗಮನಿಸಿದರು. 2015ರಲ್ಲಿ ಬಂದ ಫಲಿತಾಂಶ ನಮ್ಮ ಹಳೇ ಸಲಹೆಯನ್ನೇ ತಿರುಗಿಸಿತು: ಕಡಲೆಕಾಯಿ ಮುಟ್ಟಿಸದೆ ಬೆಳೆಸಿದವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅದರ ಅಲರ್ಜಿ ಬಂದರೆ, ಮೊದಲಿಂದಲೇ ತಿನ್ನಿಸಿದವರಲ್ಲಿ 3 ಮಕ್ಕಳಿಗೆ ಮಾತ್ರ. ನಿಮ್ಮ ಮಗಳಿಗೆ ಮೊದಲು ಕಡಲೆಕಾಯಿಯ ಚರ್ಮ ಪರೀಕ್ಷೆ ಮಾಡಿಸಿ, ವೈದ್ಯರು ಸರಿ ಅಂದರೆ ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಕೊಡಿ. ಇಡೀ ಬೀಜ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಅಲರ್ಜಿಗೆ ‘ವ್ಯಾಕ್ಸಿನ್’ ಇದೆಯಂತೆ. ಎಂಟು ವರ್ಷದ ಮಗಳಿಗೆ ಕೊಡಿಸಬಹುದಾ?

ಉತ್ತರ: ಇಮ್ಯುನೊಥೆರಪಿಯನ್ನು ಜನ ಹಾಗೆ ಕರೆಯುತ್ತಾರೆ. ಯಾವುದಕ್ಕೆ ಅಲರ್ಜಿಯೋ ಅದನ್ನೇ ಸಣ್ಣ ಪ್ರಮಾಣದಲ್ಲಿ ಕೊಡುತ್ತ ದೇಹಕ್ಕೆ ರೂಢಿ ಮಾಡಿಸುವುದು. ಸ್ಪ್ರೇ ಸರಿಯಾಗಿ ಹಾಕಿದರೂ ಹತೋಟಿಗೆ ಬಾರದ, ಡಸ್ಟ್ ಮೈಟ್ ಅಥವಾ ಪರಾಗದ ಅಲರ್ಜಿ ಖಚಿತವಾಗಿರುವ ಮಕ್ಕಳಿಗೆ ಇದು ಒಳ್ಳೆಯದೇ. ಕನಿಷ್ಠ ಮೂರು ವರ್ಷ ಬಿಡದೆ ಮಾಡಬೇಕು. ನಾಲಿಗೆ ಕೆಳಗಿನ ಹನಿಯೂ ಇದೆ, ಇಂಜೆಕ್ಷನ್ನೂ ಇದೆ. ಇಂಜೆಕ್ಷನ್ ಆದರೆ ಪ್ರತಿ ಸಲವೂ ಅರ್ಧ ಗಂಟೆ ಅಲ್ಲೇ ಕೂತಿರಬೇಕು. ಅಸ್ತಮಾ ಹತೋಟಿಯಲ್ಲಿ ಇಲ್ಲದಿದ್ದರೆ ಶುರುಮಾಡಬಾರದು. ರಿಪೋರ್ಟಿನಲ್ಲಿ ಪಾಸಿಟಿವ್ ಬಂದ ಹತ್ತನ್ನೂ ಒಂದೇ ಬಾಟಲಿಗೆ ಬೆರೆಸಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.