ಗಾದೆಗೆ ಗೋಡೆ ಸಾಲದು, ಬಾಯಿ ಬೇಕು

ಬನಶಂಕರಿಯ ಓದುಗರೊಬ್ಬರ ಪತ್ರ: ‘ನಿಮ್ಮ ಗಾದೆ ಅಂಕಣವನ್ನು ದಯವಿಟ್ಟು ನಿಲ್ಲಿಸಿ. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದು ಹೇಳಿಕೊಂಡೇ ನಮ್ಮಪ್ಪ ಕೈಗೆ ಬಂದ ಅವಕಾಶಗಳನ್ನೆಲ್ಲ ಬಿಟ್ಟರು. ಈಗ ನಾನು ಸ್ವಂತ ಕೆಲಸ ಶುರು ಮಾಡುತ್ತೇನೆ ಅಂದರೆ ನನಗೂ ಅದನ್ನೇ ಹೇಳುತ್ತಾರೆ. ಒಂದು ಗಾದೆ “ತಾಳಿದವನು ಬಾಳಿಯಾನು” ಅನ್ನುತ್ತದೆ. ಇನ್ನೊಂದು “ಅಳದಿದ್ದರೆ ತಾಯಿಯೂ ಹಾಲು ಕೊಡಳು” ಅನ್ನುತ್ತದೆ. ಯಾವುದನ್ನು ನಂಬೋಣ? ನಮ್ಮ ಆಫೀಸಿನ ಗೋಡೆಯ ಮೇಲಿನ ಘೋಷವಾಕ್ಯಗಳೇ ವಾಸಿ. ಏನು ಮಾಡಬೇಕೋ ನೇರವಾಗಿ ಹೇಳುತ್ತವೆ.’

ಸಂಪಾದಕರ ಉತ್ತರ:

ಗಾದೆ ಬೇಡ ಅನ್ನುತ್ತಲೇ ಒಂದು ಅಕ್ಷರ ತಪ್ಪದೆ ಮೂರು ಗಾದೆ ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಮಾತು ಇನ್ನೂ ಬದುಕಿದೆ. ಅದಕ್ಕೇ ಈ ತಿಂಗಳು ನಿಮ್ಮ ಪತ್ರವನ್ನು ಆರಿಸಿಕೊಂಡೆ.

ನಿಮ್ಮ ಸಿಟ್ಟಿನಲ್ಲಿ ನಿಜವಿದೆ. ಹೆಂಗಸರನ್ನು, ಜಾತಿಗಳನ್ನು ಹೀಯಾಳಿಸುವ ಗಾದೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವನ್ನು ನಾವು ಅಚ್ಚು ಹಾಕುವುದಿಲ್ಲ.

ಆದರೆ ಗಾದೆಗಳು ಒಂದಕ್ಕೊಂದು ಹೊಂದುವುದಿಲ್ಲ ಅಂದಿರಲ್ಲ, ಅದು ಗಾದೆಗಳ ದೋಷ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ಸೋದರಮಾವ ಮಗಳ ಮದುವೆಗೆ ಎರಡು ಕಡೆ ಸಾಲ ಮಾಡಿ, ಮೂರನೆಯದಕ್ಕೆ ಓಡಾಡುತ್ತಿದ್ದಾಗ ಅವಳು ಹೇಳಿದ್ದು ‘ಹಾಸಿಗೆ ಇದ್ದಷ್ಟು ಕಾಲು ಚಾಚೋ’ ಅಂತ. ಅದೇ ವರ್ಷ ನಾನು ಬೆಂಗಳೂರಿಗೆ ಹೊರಡಲು ಹೆದರಿ, ಟ್ರಂಕು ತುಂಬಿಸಿಟ್ಟು ಜಗಲಿಯ ಮೇಲೆ ಕೂತಿದ್ದೆ. ನನಗೆ ಅವಳು ಹೇಳಿದ್ದು ‘ನೀರಿಗೆ ಇಳಿಯದೆ ಈಜು ಬರಲ್ಲ ಕಣೋ’ ಅಂತ. ಯಾರ ಹಾಸಿಗೆ ಎಷ್ಟುದ್ದ ಅನ್ನೋದು ಅವಳಿಗೆ ಗೊತ್ತಿತ್ತು. ಯಾರಿಗೆ ಯಾವುದು, ಯಾವಾಗ ಅಂತ ನೋಡಿ ಹೇಳುವವರು ಬೇಕು. ನಿಮ್ಮ ಗೋಡೆಗೆ ಆ ಕಣ್ಣಿಲ್ಲ, ಅಲ್ವಾ? ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೂ, ದಣಿದು ಕೂತ ಮ್ಯಾನೇಜರಿಗೂ ಅದು ಹೇಳುವುದು ಒಂದೇ ಮಾತು.

ವಿಜಯನಗರ ಕಾಲದ ಒಂದು ಶಾಸನ ನನಗೆ ತುಂಬಾ ಇಷ್ಟ. ಲಕ್ಷ್ಮೀಧರ ಅನ್ನುವ ಅಮಾತ್ಯನದು. ‘ಕೆರೆಯಂ ಕಟ್ಟಿಸು, ಬಾವಿಯಂ ಸವೆಸು’, ಅಂದರೆ ಬಾವಿ ತೋಡಿಸು, ಎಂದು ಶುರುವಾಗುತ್ತದೆ. ಸೆರೆಯಲ್ಲಿ ಸಿಕ್ಕಿಕೊಂಡ ಅನಾಥರನ್ನು ಬಿಡಿಸು, ನಂಬಿದವರಿಗೆ ಆಸರೆಯಾಗಿರು ಎಂದು ಮುಂದುವರಿಯುತ್ತದೆ. ಇದನ್ನೆಲ್ಲ ಹೇಳಿದ್ದು ತಾಯಿ. ಯಾವಾಗ? ಮಗುವಿಗೆ ಹಾಲೆರೆಯುವಾಗ, ಕಿವಿಯಲ್ಲಿ. ಕಲ್ಲಿನಲ್ಲಿ ಕೆತ್ತಿಸುವಾಗಲೂ ಆ ಮಗ ತಾಯಿಯನ್ನು ಬಿಡಲಿಲ್ಲ ನೋಡಿ. ಮಾತಿನ ಜೊತೆಗೆ ಹೇಳಿದವಳನ್ನೂ ಕೆತ್ತಿಸಿದ.

1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರಿಗೂ ಅವರ ತಾಯಿ ‘ಕೆರೆಗಳಂ ಕಟ್ಟು, ಮರಗಳಂ ನೆಡು’ ಅಂದರು ಎಂದು ನಾವೆಲ್ಲ ಕೇಳುತ್ತಾ ಬಂದಿದ್ದೇವೆ. ಇವತ್ತು ಆ ಮಾತು ಭಾಷಣಗಳಲ್ಲಿ ಬರುತ್ತಲೇ ಇರುತ್ತದೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಇದೆ. ತಾಯಿ ಎದುರಿಗೆ ನಿಂತು ಹೇಳಿದ್ದರೆ ಯಾರಾದರೂ ಒಂದು ಕ್ಷಣ ತಡೆಯುತ್ತಿದ್ದರೇನೋ.

ಗೋಡೆಗೆ ಹೋದ ಮಾತು ಅರ್ಧವಾಗುತ್ತದೆ. ‘ಕಾಯಕವೇ ಕೈಲಾಸ’ ತೆಗೆದುಕೊಳ್ಳಿ. ರಾತ್ರಿ ಹತ್ತರವರೆಗೆ ದುಡಿಸುವ ಕಂಪನಿಯೂ ಅದನ್ನು ಫ್ರೇಮು ಹಾಕಿಸಿ ನೇತುಹಾಕಬಹುದು. ಆಯ್ದಕ್ಕಿ ಮಾರಯ್ಯನ ವಚನದ ಮಾತು ಅದು. ಆತ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಲೆ ಹಚ್ಚಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಕೇಳಿದಳು. ಹೆಚ್ಚಾದದ್ದನ್ನು ವಾಪಸು ಸುರಿದು ಬನ್ನಿ ಎಂದು ಕಳಿಸಿದಳು. ಆಸೆ ಅನ್ನೋದು ಅರಸನಿಗೆ ಇರಬಹುದು, ಶಿವಭಕ್ತರಿಗೆ ಉಂಟೇ ಅಂತ ಅವಳ ಪ್ರಶ್ನೆ. ದುಡಿ ಅನ್ನುವ ಗಂಡನ ಮಾತಿಗೆ, ಸಾಕು ಅನ್ನುವ ಹೆಂಡತಿಯ ಮಾತು ಜೋಡಿ. ನಾವು ಮಾರಯ್ಯನನ್ನು ಗೋಡೆಗೆ ಹಾಕಿ ಲಕ್ಕಮ್ಮನನ್ನು ಹೊರಗೆ ನಿಲ್ಲಿಸಿದ್ದೇವೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವಿಧಾನಸೌಧದ ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’ ನಿಮಗೂ ಗೊತ್ತು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಆ ಕಟ್ಟಡ 1956ರಲ್ಲಿ ಮುಗಿಯಿತು. ಅಷ್ಟು ಎತ್ತರದ ಮಾತನ್ನು ಅಷ್ಟು ದೊಡ್ಡದಾಗಿ ಬರೆಸುವ ಧೈರ್ಯ ಅವರಿಗಿತ್ತು. ಅದೇ ಮಾತು ಬರೆದಿದ್ದ ಒಂದು ಕಚೇರಿಗೆ ಒಂದು ಕಾಗದಕ್ಕಾಗಿ ನಾನು ಏಳು ಸಲ ಅಲೆದೆ. ಎಂಟನೇ ಸಲ ಹೋದಾಗ ವಯಸ್ಸಾದ ಅಟೆಂಡರ್ ಒಬ್ಬರು ‘ದೇವರು ವರ ಕೊಟ್ಟರೂ ಪೂಜಾರಿ ಕೊಡ ಸ್ವಾಮಿ’ ಅಂದರು. ಅಂದವರು ಸುಮ್ನೆ ಕೂರಲಿಲ್ಲ. ತಾವೇ ಒಳಗೆ ಹೋಗಿ ಫೈಲು ಹುಡುಕಿ, ಅಧಿಕಾರಿಯ ಮೇಜಿನ ಮೇಲಿಟ್ಟು ಬಂದರು. ಅವತ್ತು ನನ್ನ ಕೆಲಸ ಮಾಡಿಸಿದ್ದು ಗೋಡೆಯ ಮಾತಲ್ಲ, ಆ ಮನುಷ್ಯ.

ಈಗ ಗಾದೆ ಎಲ್ಲಿ ಉಳಿದಿದೆ? ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರು ಮಾಡಿ, ಗೈಡಿನಲ್ಲಿರುವ ನಾಲ್ಕು ಸಾಲು ಬರೆದರೆ ಅಂಕ ಸಿಗುತ್ತದೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನುವ ಗಾದೆಯಲ್ಲಿ ಜೂನ್ ಕೊನೆಯ ಮಳೆ ನಂಬಿದ ರೈತನ ಇಡೀ ವರ್ಷವೇ ಇದೆ. ಅದನ್ನು ವಿಸ್ತರಿಸುವ ಮಗು ಆ ಮಳೆಯ ಹೆಸರನ್ನೇ ಕೇಳಿರುವುದಿಲ್ಲ. ಮಕ್ಕಳನ್ನು ಬೈದು ಏನು ಬಂತು? ಅಜ್ಜಿ ಊರಲ್ಲಿ, ಮಗು ಫ್ಲಾಟಿನಲ್ಲಿ. ಬೆಳಗಾದರೆ ನಾವು ದೊಡ್ಡವರು ಒಬ್ಬರಿಗೊಬ್ಬರು ಸೂರ್ಯೋದಯದ ಚಿತ್ರದ ಮೇಲೆ ನುಡಿಮುತ್ತು ಕಳಿಸುತ್ತೇವೆ. ಅದನ್ನು ನಿಜವಾಗಿ ಯಾರು ಹೇಳಿದ್ದು ಅಂತ ಕಳಿಸಿದವರಿಗೂ ಬೇಡ, ಪಡೆದವರಿಗೂ ಬೇಡ.

ಅಂಕಣ ನಿಲ್ಲಿಸುವುದಿಲ್ಲ. ನಿಮ್ಮಿಂದ ಒಂದು ಕೆಲಸ ಆಗಬೇಕು. ಆ ಹಾಸಿಗೆಯ ಮಾತನ್ನು ತಂದೆಯವರಿಗೆ ಮೊದಲು ಹೇಳಿದ್ದು ಯಾರು, ಯಾವ ಕಷ್ಟದ ದಿನದಲ್ಲಿ ಎಂದು ಕೇಳಿ. ಜಗಳಕ್ಕಲ್ಲ, ಊಟಕ್ಕೆ ಕೂತಾಗ ನಿಧಾನವಾಗಿ ಕೇಳಿ. ಆಮೇಲೆ ನಿಮ್ಮ ಹೊಸ ಕೆಲಸದ ಲೆಕ್ಕವನ್ನು ಅವರ ಮುಂದೆ ಬಿಚ್ಚಿಡಿ. ಅವರು ಏನಂದರು ಎಂದು ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.