ಇಪ್ಪತ್ತೆರಡು ವರ್ಷ ಬಿಟ್ಟಿದ್ದ ಕರಾಟೆಗೆ ಇಬ್ಬರು ಮಕ್ಕಳ ತಾಯಿ ಮತ್ತೆ ಹೋಗಬಹುದೇ?

ನೀವು ಬೀದರ್‌ನವರು, ವಯಸ್ಸು 42, ಇಬ್ಬರು ಮಕ್ಕಳ ತಾಯಿ. ಕಾಲೇಜಿನ ದಿನಗಳಲ್ಲಿ ಕರಾಟೆಯಲ್ಲಿ ಕಂದು ಬೆಲ್ಟ್ ತನಕ ಹೋಗಿ, ಮದುವೆಯ ನಂತರ ಬಿಟ್ಟಿದ್ದೀರಿ. ಈಗ ಮಗಳನ್ನು ಕ್ಲಾಸಿಗೆ ಬಿಟ್ಟು ಗೋಡೆಗೊರಗಿ ನಿಂತರೆ ಕೈಕಾಲು ಸುಮ್ಮನಿರುವುದಿಲ್ಲ ಎಂದಿದ್ದೀರಿ. ಮೊಣಕಾಲು ತಡೆಯುತ್ತದೆಯೇ, ಹಳೆಯ ಬೆಲ್ಟನ್ನೇ ಕಟ್ಟಬಹುದೇ, ನೋಡಿದವರು ನಗುವುದಿಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ: ನಗುತ್ತಾರೆ. ಹದಿನೈದು ದಿನ ನಗುತ್ತಾರೆ, ಆಮೇಲೆ ಅವರಿಗೆ ಬೇರೆ ಕೆಲಸ ಸಿಗುತ್ತದೆ. ಉಳಿದೆರಡನ್ನು ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಏಕೆಂದರೆ ನಾನು ಪೆಟ್ಟು ತಿಂದದ್ದು ಅಲ್ಲಿಯೇ.

ನನಗೆ 44. ಕಲಬುರಗಿಯ ಒಂದು ಕಚೇರಿಯಲ್ಲಿ ಕೆಲಸ. ಶೋಟೊಕಾನ್ ಶೈಲಿಯಲ್ಲಿ ಮೂರನೇ ಕ್ಯೂ, ಅಂದರೆ ಕಂದು ಬೆಲ್ಟಿನ ಮೊದಲ ಮೆಟ್ಟಿಲು ಹತ್ತಿದಾಗ 20 ವರ್ಷ. ಆ ಪ್ರಮಾಣಪತ್ರದಲ್ಲಿ ಊರಿನ ಹೆಸರು ಇನ್ನೂ ಗುಲ್ಬರ್ಗ ಎಂದೇ ಇದೆ. ಊರು ಹೆಸರು ಬದಲಿಸಿಕೊಂಡದ್ದು 2014ರಲ್ಲಿ. ಅದಕ್ಕೆ ಬಹಳ ಮೊದಲೇ ನಾನು ಮದುವೆಯಾಗಿ ಅಡ್ಡಹೆಸರು ಬದಲಿಸಿಕೊಂಡು ಕರಾಟೆ ಡ್ರೆಸ್ಸನ್ನು ಟ್ರಂಕಿಗೆ ಸೇರಿಸಿದ್ದೆ. ಮತ್ತೆ ಶುರು ಮಾಡಿದ್ದು ಕಳೆದ ವರ್ಷ ದಸರಾ ರಜೆ ಮುಗಿದ ಮೇಲೆ, 22 ವರ್ಷದ ನಂತರ.

ಮೊದಲ ದಿನವೇ ಒಂದು ಅಚ್ಚರಿ ಕಾದಿತ್ತು. ಹೇಯಾನ್ ಶೋದಾನ್ ನಿಮಗೆ ನೆನಪಿರಬೇಕು, 21 ಚಲನೆಯ ಮೊದಲ ಕಟಾ, ಅಂದರೆ ಒಬ್ಬರೇ ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ. ಎಡಕ್ಕೆ ತಿರುಗಿ ಕೆಳಗಿನ ತಡೆ, ಹೆಜ್ಜೆ ಮುಂದಿಟ್ಟು ಗುದ್ದು, ಹಿಂದಕ್ಕೆ ತಿರುಗಿ ಮತ್ತೆ ತಡೆ. ನನಗೆ ಒಂದೂ ನೆನಪಿಲ್ಲ ಎಂದುಕೊಂಡೇ ನಿಂತಿದ್ದೆ. ಮಾಸ್ಟರ್ ಎಣಿಸಲು ಶುರು ಮಾಡಿದ ಕೂಡಲೇ ಕಾಲು ತಾನಾಗಿಯೇ ತಿರುಗಿತು. ವಾರ ಕಳೆಯುವುದರೊಳಗೆ ಐದೂ ಹೇಯಾನ್ ಕಟಾಗಳು ಹಿಂದಿರುಗಿದವು. ಅಡುಗೆಮನೆಯಲ್ಲಿ ಕುಕ್ಕರಿನ ಮೂರು ಸೀಟಿಯೊಳಗೆ ಒಂದು ಕಟಾ ಮುಗಿಸುವ ಹುಚ್ಚು ಹಿಡಿಯಿತು. ಬಲಗೈ ಗುದ್ದಂತೂ ಸಡಿಲವಾಗಿರಲೇ ಇಲ್ಲ. ಇಷ್ಟು ವರ್ಷ ದಿನಾ ಜೋಳದ ರೊಟ್ಟಿ ಬಡಿದದ್ದು ವ್ಯರ್ಥವಾಗಲಿಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ತಿರುಗಿದೆ.

ಎಡವಟ್ಟಾದದ್ದು ಈ ಖುಷಿಯಿಂದಲೇ. ಮೂರನೆಯ ಕ್ಲಾಸಿನಲ್ಲಿ ಪಕ್ಕದ ಹುಡುಗಿ ಮವಾಶಿ ಗೇರಿ ಎಂಬ ಅಡ್ಡ ಒದೆಯನ್ನು ತಲೆಯ ಎತ್ತರಕ್ಕೆ ಒದ್ದಳು. ನನ್ನ ತಲೆಯೊಳಗೂ ಅದೇ ಎತ್ತರದ ಒದೆ ಭದ್ರವಾಗಿ ಕುಳಿತಿತ್ತು. ಒದ್ದೆ. ತೊಡೆಯ ಹಿಂಭಾಗದಲ್ಲಿ ಒದ್ದೆ ಬಟ್ಟೆ ಹರಿದಂತಾಯಿತು. ಮೂರು ವಾರ ಸ್ಕೂಟಿ ಹತ್ತಲೂ ಪರದಾಡಿದೆ.

ಆಗ ಅರ್ಥವಾದದ್ದನ್ನೇ ನಿಮಗೆ ಮುಖ್ಯವಾಗಿ ಹೇಳಬೇಕಾಗಿದೆ. ಹೊಸದಾಗಿ ಬರುವ 42 ವರ್ಷದವರಿಗಿಂತ ಹಿಂದಿರುಗಿ ಬರುವ 42 ವರ್ಷದವರಿಗೆ ಅಪಾಯ ಹೆಚ್ಚು. ಹೊಸಬರಿಗೆ ಎತ್ತರದ ಒದೆ ಬರುವುದೇ ಇಲ್ಲ, ಹಾಗಾಗಿ ಒದೆಯುವುದಿಲ್ಲ. ನಮಗೆ ಬರುತ್ತದೆ. ಕಲಿತ ವಿದ್ಯೆ ಮೆದುಳಿನಲ್ಲಿ ಇಪ್ಪತ್ತು ವರ್ಷವಾದರೂ ಕೆಡದೆ ಉಳಿಯುತ್ತದೆ, ದೇಹ ಅಷ್ಟು ಕಾಲ ಕಾಯುವುದಿಲ್ಲ. ತರಬೇತಿ ಶುರುವಾದರೆ ಸ್ನಾಯುಗಳು ಕೆಲವು ವಾರಗಳಲ್ಲೇ ಬಲಗೊಳ್ಳುತ್ತವೆ. ಅವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜುಗಳು ಬಲಿಯಲು ತಿಂಗಳುಗಳೇ ಬೇಕು. ಆರನೆಯ ವಾರಕ್ಕೆ ಹಳೆಯ ಶಕ್ತಿ ಬಂತು ಎಂದು ಅನಿಸುತ್ತದಲ್ಲ, ಅದೇ ಕೆಟ್ಟ ಗಳಿಗೆ. ಹಿಮ್ಮಡಿಯ ಮೇಲಿನ ದಪ್ಪ ರಜ್ಜು ಹರಿಯುವುದು ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವಿನ, ಆಗೊಮ್ಮೆ ಈಗೊಮ್ಮೆ ಆಡಲು ಇಳಿಯುವವರಲ್ಲಿ.

ಕಾಲು ಚಾಚಿ ಕುಳಿತಿದ್ದ ಆ ಮೂರು ವಾರಗಳಲ್ಲಿ ನೆರವಿಗೆ ಬಂದವರು ನಮ್ಮ ಮಾವನವರು. ಹರೆಯದಲ್ಲಿ ತಾಲೀಮಿಗೆ ಹೋಗಿ ಸಾಮು ಮಾಡಿದವರು. ವರ್ಷಗಟ್ಟಲೆ ಬಿಟ್ಟು ಮರಳಿ ಬಂದ ಪೈಲ್ವಾನನಿಗೆ ಅವರ ವಸ್ತಾದರು ಮೊದಲ ತಿಂಗಳು ಕುಸ್ತಿ ಆಡಗೊಡುತ್ತಲೇ ಇರಲಿಲ್ಲವಂತೆ. ಕೈಗೆ ಸಲಿಕೆ ಕೊಟ್ಟು ಅಖಾಡದ ಮಣ್ಣು ಅಗೆದು ಹದ ಮಾಡಲು ಹೇಳುತ್ತಿದ್ದರಂತೆ. ‘ಪಟ್ಟು ಅವನಿಗೆ ಗೊತ್ತಿತ್ತು, ಸೊಂಟಕ್ಕೆ ಗೊತ್ತಿರಲಿಲ್ಲ’ ಎಂದರು ಮಾವ.

ನಾನೂ ಮಣ್ಣು ಅಗೆದೆ ಎಂದುಕೊಳ್ಳಿ. ಮೂರು ತಿಂಗಳು ಸೊಂಟದ ಮೇಲೆ ಒದೆ ಇಲ್ಲ, ಜಿಗಿತ ಇಲ್ಲ. ವಾರಕ್ಕೆ ಎರಡೇ ಕ್ಲಾಸು, ನಡುವೆ ಎರಡು ದಿನ ಬಿಡುವು, ಏಕೆಂದರೆ ಈ ವಯಸ್ಸಿನ ಮೈನೋವು ಮರುದಿನಕ್ಕಿಂತ ಅದರ ಮರುದಿನ ಜೋರು. ಮನೆಯಲ್ಲಿ ಎರಡು ದಿನ ಕುರ್ಚಿ ಮುಟ್ಟುವವರೆಗೆ ಬಸ್ಕಿ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು. ಈ ಕೊನೆಯದು ನೋಡಲು ಏನೂ ಅಲ್ಲ, ಆದರೆ ಹಿಮ್ಮಡಿಯ ರಜ್ಜನ್ನು ಬಲಪಡಿಸಲು ಇದಕ್ಕಿಂತ ಸುಲಭದ್ದು ನನಗೆ ಸಿಗಲಿಲ್ಲ. ಶುರು ಮಾಡುವ ಮೊದಲು ರಕ್ತದೊತ್ತಡ, ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಕರಾಟೆ ಬರಿಗಾಲಿನ ಆಟ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿದ್ದರೆ ಗಾಯವಾದದ್ದೂ ತಿಳಿಯುವುದಿಲ್ಲ.

ಮೊಣಕಾಲಿನ ಮಾತಿಗೆ ಬಂದರೆ, ಮೊದಲು ನೆಲ ನೋಡಿ. ನಮ್ಮ ಕಡೆ ಕ್ಲಾಸುಗಳು ಶಾಲೆಯ ಪಡಸಾಲೆಯಲ್ಲಿ ನಡೆಯುವುದು ಹೆಚ್ಚು, ಕೆಳಗೆ ಶಹಾಬಾದ್ ಕಲ್ಲು. ಬೇಸಿಗೆಯ ಮಧ್ಯಾಹ್ನ ಮಲಗಲು ಆ ಕಲ್ಲಿನಷ್ಟು ಸುಖ ಇನ್ನೊಂದಿಲ್ಲ, ಕರಾಟೆಗೆ ಮಾತ್ರ ಅದು ಶತ್ರು. ಜಿಗಿದು ಇಳಿದರೆ ಪೆಟ್ಟು ನೇರ ಮಂಡಿಗೆ. ಬೆವರಿದ ಅಂಗಾಲು ಕಲ್ಲಿಗೆ ಅಂಟಿಕೊಂಡಾಗ ಸೊಂಟ ತಿರುಗಿ ಪಾದ ತಿರುಗದಿದ್ದರೆ ಮಂಡಿ ನಡುವೆ ಸಿಕ್ಕಿ ತಿರುಚುತ್ತದೆ. ಅಡ್ಡ ಒದೆಗೆ ಮೊದಲು ನಿಂತ ಕಾಲಿನ ಹಿಮ್ಮಡಿಯನ್ನು ಚೂರು ಎತ್ತಿ, ಪಾದದ ಮುಂಭಾಗದ ಮೇಲೆ ಪೂರ್ತಿ ತಿರುಗಿ. ಕಾಲಗಲಿಸಿ ಮಂಡಿ ಬಾಗಿಸಿ ನಿಲ್ಲುವ ಕುದುರೆ ನಿಲುವಿನಲ್ಲಿ ಮಂಡಿ ಒಳಗೆ ಬೀಳದಂತೆ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಆಳಕ್ಕೆ ಕೂರಬೇಕೆಂದು ಯಾರೂ ನಿಮಗೆ ಬೆಳ್ಳಿ ಬಟ್ಟಲು ಕೊಡುವುದಿಲ್ಲ. ಮ್ಯಾಟ್ ಹಾಸುವ ಕ್ಲಾಸು ಇದ್ದರೆ ಹತ್ತು ನಿಮಿಷ ದೂರವಾದರೂ ಅಲ್ಲಿಗೇ ಹೋಗಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ. ಹೆರಿಗೆಯಾದ ಹೆಂಗಸರಲ್ಲಿ ಅನೇಕರಿಗೆ ಜಿಗಿದಾಗ, ಜೋರಾಗಿ ಕಿಯಾಯ್ ಎಂದು ಕೂಗಿದಾಗ ಮೂತ್ರ ಸೋರುತ್ತದೆ. ನನಗೂ ಆಯಿತು, ಬಿಳಿ ಡ್ರೆಸ್ಸಿನಲ್ಲಿ. ಅಂದು ಮನೆಗೆ ಬಂದು ಇನ್ನು ಸಾಕು ಎಂದು ಅತ್ತಿದ್ದೆ. ಇದು ನಾಚಿಕೆಪಡುವ ಕಾಯಿಲೆ ಅಲ್ಲ. ಹೆರಿಗೆಯಲ್ಲಿ ಹಿಗ್ಗಿದ ಕೆಳಹೊಟ್ಟೆಯ ತಳದ ಸ್ನಾಯುಗಳು ಸೊರಗಿರುತ್ತವೆ, ಅಷ್ಟೇ. ಮೂತ್ರವನ್ನು ತಡೆದುಕೊಳ್ಳುವಾಗ ಬಿಗಿಯಾಗುವ ಸ್ನಾಯುವನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ ಇದೆ; ಒಮ್ಮೆಗೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಸರಿಯಾಗಿ ಕಲಿತುಕೊಂಡರೆ ಒಳ್ಳೆಯದು, ಏಕೆಂದರೆ ತಪ್ಪು ಸ್ನಾಯು ಬಿಗಿ ಹಿಡಿದು ನಾನು ಒಂದು ತಿಂಗಳು ಹಾಳು ಮಾಡಿಕೊಂಡೆ. ನನಗೆ ನಾಲ್ಕನೆಯ ತಿಂಗಳಿಗೆ ಹತೋಟಿಗೆ ಬಂತು. ಕಚೇರಿಯಲ್ಲಿ ಕಡತ ನೋಡುತ್ತಲೂ ಮಾಡಬಹುದು, ಪಕ್ಕದ ಮೇಜಿನವರಿಗೆ ತಿಳಿಯುವುದಿಲ್ಲ.

ಕಾಲುಂಗುರದ ಪ್ರಸಂಗ ಬೇರೆಯೇ ಇದೆ. ಕುಮಿಟೆಗೆ, ಅಂದರೆ ಎದುರಾಳಿಯ ಜೊತೆಗಿನ ಆಟಕ್ಕೆ ನಿಲ್ಲುವಾಗ ಬಳೆ, ತಾಳಿ, ಓಲೆ, ಕಾಲುಂಗುರ ಯಾವುದೂ ಇರಬಾರದು. ಎದುರಿನವರ ಡ್ರೆಸ್ಸಿಗೆ ಕಾಲುಂಗುರ ಸಿಕ್ಕಿಕೊಂಡರೆ ಬೆರಳು ಮುರಿಯುತ್ತದೆ. ನಾನು ಎಲ್ಲವನ್ನೂ ಒಂದು ಚಿಕ್ಕ ಸ್ಟೀಲ್ ಡಬ್ಬಿಯಲ್ಲಿಟ್ಟು ಪರ್ಸಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ಸಂಜೆ ಮರಳಿ ಹಾಕಿಕೊಳ್ಳಲು ಮರೆತು ಮನೆಗೆ ಬಂದೆ. ಅತ್ತೆಯವರು ಏನೂ ಅನ್ನಲಿಲ್ಲ, ಊಟಕ್ಕೆ ಬಡಿಸುವಾಗ ನನ್ನ ಪಾದವನ್ನೇ ನೋಡಿದರು. ಆ ನೋಟಕ್ಕಿಂತ ಎರಡು ಮಾತು ಬೈದಿದ್ದರೆ ವಾಸಿಯಾಗಿತ್ತು. ಮರುದಿನ ಡಬ್ಬಿಯನ್ನು ಅವರ ಕೈಗೇ ಕೊಟ್ಟು, ‘ಇದು ನಿಮ್ಮ ಹತ್ತಿರ ಇರಲಿ ಅತ್ತೆ, ನಾನು ಬಂದ ಮೇಲೆ ಕೊಡಿ’ ಎಂದೆ. ಅಂದಿನಿಂದ ನಾನು ಹೊರಡುವ ಹೊತ್ತಿಗೆ ಅವರೇ ಡಬ್ಬಿ ಹಿಡಿದು ಬಾಗಿಲಲ್ಲಿರುತ್ತಾರೆ. ತಡವಾದರೆ ನನ್ನನ್ನೇ ಗದರುತ್ತಾರೆ. ಎಲ್ಲ ಮನೆಯಲ್ಲೂ ಹೀಗೆ ನಡೆಯುತ್ತದೆ ಎಂದು ಹೇಳಲಾರೆ. ಕದ್ದು ಮಾಡಿದರೆ ಎಲ್ಲಿಯೂ ನಡೆಯುವುದಿಲ್ಲ.

ಬೆಲ್ಟಿನ ವಿಷಯಕ್ಕೆ ಬರುತ್ತೇನೆ. ನಿಯಮ ಆಯಾ ಸಂಸ್ಥೆಯದು, ಮಾಸ್ಟರರನ್ನು ಕೇಳಿ, ಹಳೆಯ ಪ್ರಮಾಣಪತ್ರ ತೋರಿಸಿ. ನನಗೆ ಕಂದು ಕಟ್ಟಲು ಅನುಮತಿ ಕೊಟ್ಟಿದ್ದರು. ತೊಡೆ ಹರಿದುಕೊಂಡ ಮೇಲೆ ನಾನಾಗಿಯೇ ಹೊಸಬರ ಬಿಳಿ ಕೇಳಿ ಪಡೆದೆ. ಕಂದು ಕಟ್ಟಿದ್ದರೆ ಹುಡುಗರು ಕಂದು ಬೆಲ್ಟಿನವಳ ಜೊತೆ ಆಡುವಂತೆಯೇ ಆಡುತ್ತಾರೆ, ನಾನೂ ಬಿಟ್ಟುಕೊಡದೆ ಆಡುತ್ತೇನೆ. ಬಿಳಿ ಬೆಲ್ಟು ಇಬ್ಬರನ್ನೂ ತಡೆಯಿತು. ಅಷ್ಟಕ್ಕೂ ಬಣ್ಣದ ಪಟ್ಟಿ ಕರಾಟೆಯ ಹುಟ್ಟಿನಿಂದ ಬಂದದ್ದೇನಲ್ಲ. ಜೂಡೋದಲ್ಲಿ ಕಾನೊ ಜಿಗೊರೊ ತಂದ ಪದ್ಧತಿಯನ್ನು ನೋಡಿ ಶೋಟೊಕಾನ್‌ನ ಗಿಚಿನ್ ಫುನಕೋಶಿ 1924ರಲ್ಲಿ ಕರಾಟೆಗೆ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟದ್ದು. ಆ ಫುನಕೋಶಿ ಒಕಿನಾವಾದಲ್ಲಿ ಶಾಲಾ ಮಾಸ್ತರರಾಗಿದ್ದವರು. ಟೋಕಿಯೊಗೆ ಬಂದು ಕರಾಟೆ ತೋರಿಸಿದ್ದು 1922ರಲ್ಲಿ, 53ನೇ ವಯಸ್ಸಿನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕಟಾ ಚಿನ್ನ ಗೆದ್ದ ಸ್ಪೇನಿನ ಸಾಂಡ್ರಾ ಸಾಂಚೆಸ್‌ಗೆ ಆಗ 39. ‘ಈ ವಯಸ್ಸಿನಲ್ಲಿ’ ಎಂದು ಯಾರಾದರೂ ರಾಗ ಎಳೆದರೆ ಈ ಇಬ್ಬರ ಹೆಸರು ಹೇಳಿ. ಅವರು ಯಾರೆಂದು ಕೇಳುವವರಿಗೆ ತಿಳಿದಿರುವುದಿಲ್ಲ, ಸುಮ್ಮನಾಗುತ್ತಾರೆ.

ಬೇಸಿಗೆಯಲ್ಲಿ ಶುರು ಮಾಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುವುದು ಮಾಮೂಲು, ಸಂಜೆ ಆರಕ್ಕೂ ಗೋಡೆಗಳು ಬಿಸಿ ಉಗುಳುತ್ತಿರುತ್ತವೆ. ದೇಹ ಸೆಕೆಯ ವ್ಯಾಯಾಮಕ್ಕೆ ಒಗ್ಗಲು ಒಂದೆರಡು ವಾರ ಬೇಕು. ಬೆಳಗಿನ ಐದೂವರೆಯ ಬ್ಯಾಚ್ ಇದ್ದರೆ ಅದಕ್ಕೆ ಸೇರಿ, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ.

ಫೀಸು ಕಟ್ಟುವ ಮೊದಲು ಮಗಳನ್ನು ಕೇಳಿ. ಇದನ್ನು ನಾನು ಮಾಡಲಿಲ್ಲ. ನನ್ನ ಮಗನಿಗೆ 11, ಹಸಿರು ಬೆಲ್ಟು. ಆ ಕ್ಲಾಸು ಅವನ ಸ್ವಂತ ಜಗತ್ತಾಗಿತ್ತು. ಹೋಂವರ್ಕ್ ಕೇಳುವ ಅವ್ವ ಅಲ್ಲಿ ಇರಲಿಲ್ಲ. ಒಂದು ದಿನ ಅವಳು ಬಿಳಿ ಡ್ರೆಸ್ ತೊಟ್ಟು ಬಂದು ಪಕ್ಕದಲ್ಲೇ ನಿಂತುಬಿಟ್ಟಳು. ಅವನ ಗೆಳೆಯರು ನನ್ನನ್ನು ಆಂಟಿ ಎಂದರು, ‘ಆಂಟಿ, ಹಿಂದಿನ ಕಾಲು ನೇರ ಮಾಡಿ’ ಎಂದು ತಿದ್ದಿದರು. ಅವನು ತಲೆ ತಗ್ಗಿಸಿದ. ಮೊದಲ ತಿಂಗಳು ಸ್ಕೂಟಿಯಲ್ಲಿ ಮನೆಗೆ ಬರುವಾಗ ನಾನು ಅವನ ಗುದ್ದು, ಅವನ ನಿಲುವು ಎಂದು ಉಪದೇಶ ಬೇರೆ ಕೊಡುತ್ತಿದ್ದೆ. ಜಗತ್ ವೃತ್ತದ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಕೇಳಿದ: ‘ಅವ್ವಾ, ನೀನು ಬೇರೆ ಸಾಲಿನಲ್ಲಿ ನಿಲ್ಲುತ್ತೀಯಾ?’

ಮರುದಿನದಿಂದ ಹಿಂದಿನ ಸಾಲಿಗೆ ಹೋದೆ. ಸ್ಕೂಟಿಯ ಮೇಲೆ ಕರಾಟೆ ಮಾತು ನಿಲ್ಲಿಸಿದೆ. ಈಗ ಅವನಾಗಿಯೇ ಒಮ್ಮೊಮ್ಮೆ ಮನೆಯ ಮಾಳಿಗೆಯ ಮೇಲೆ ಕರೆದು ಮುಂದಿನ ಪರೀಕ್ಷೆಯ ಕಟಾ ಎಣಿಸಲು ಹೇಳುತ್ತಾನೆ, ನನ್ನ ಒದೆಯ ಎತ್ತರ ಹೆಚ್ಚಾದರೆ ‘ಸಾಕು, ಸಾಕು’ ಎನ್ನುತ್ತಾನೆ. ಕ್ಲಾಸಿನಲ್ಲಿ ಮಾತ್ರ ನನ್ನ ಜಾಗ ಇನ್ನೂ ಹಿಂದಿನ ಸಾಲೇ. ಮುಂದೆ ಬಾ ಎಂದು ಅವನು ಕರೆದಿಲ್ಲ, ನಾನೂ ಕೇಳಿಲ್ಲ.