ತಿಂಗಳ ಸಂಬಳದವರನ್ನೂ ಗಂಟೆ ಲೆಕ್ಕದವರನ್ನೂ ಒಂದೇ ಶಿಫ್ಟ್ ಸಾಫ್ಟ್‌ವೇರ್‌ನಲ್ಲಿ ಹೇಗೆ ಹೊಂದಿಸಬೇಕು?

ಮೈಸೂರಿನಲ್ಲಿ ನೀವು ನಡೆಸುತ್ತಿರುವ ಉಪಾಹಾರ ಗೃಹದಲ್ಲಿ 14 ಜನ ಇದ್ದಾರೆ, 8 ಮಂದಿಗೆ ತಿಂಗಳ ಸಂಬಳ, 6 ಮಂದಿಗೆ ಗಂಟೆ ಲೆಕ್ಕದ ಕೂಲಿ ಎಂದು ಬರೆದಿದ್ದೀರಿ. ಹೊಸದಾಗಿ ಕೊಂಡ ಸಾಫ್ಟ್‌ವೇರ್‌ನಲ್ಲಿ ಎಲ್ಲರ ಸಂಬಳವನ್ನೂ ಗಂಟೆ ದರಕ್ಕೆ ಇಳಿಸಿ ನಮೂದಿಸಿದರೆ ಕೆಲಸ ಸುಲಭವಾಗುವುದಿಲ್ಲವೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಹಾಗೆ ಮಾಡಬೇಡಿ. ತಿಂಗಳಿಗೆ 20,800 ರೂಪಾಯಿ ಎಂದು ಒಪ್ಪಿಕೊಂಡ ಅಡುಗೆಯವರನ್ನು ಗಂಟೆಗೆ 100 ರೂಪಾಯಿ ಎಂದು ನಮೂದಿಸಿದರೆ, ದಿನಕ್ಕೆ 8 ಗಂಟೆಯಂತೆ 24 ದಿನ ಕೆಲಸವಿರುವ ಫೆಬ್ರವರಿಯಲ್ಲಿ ಅವರ ಸಂಬಳ 19,200ಕ್ಕೆ ಇಳಿಯುತ್ತದೆ, 27 ದಿನ ಕೆಲಸವಿರುವ ತಿಂಗಳಲ್ಲಿ 21,600ಕ್ಕೆ ಏರುತ್ತದೆ. ಎರಡೂ ನೀವು ಕೊಟ್ಟ ಮಾತಲ್ಲ.

ಹಾಗೆಂದು ಅವರನ್ನು 'ಸಂಬಳ' ಎಂಬ ವಿಭಾಗಕ್ಕೆ ಸೇರಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಾನು ಬೆಂಗಳೂರಿನ ಒಂದು ಹೋಟೆಲಿನ ಹಾಜರಿ ಮತ್ತು ಸಂಬಳದ ಲೆಕ್ಕ ನೋಡಿಕೊಳ್ಳುತ್ತಿದ್ದಾಗ ಹಾಗೆಯೇ ಮಾಡಿದ್ದೆ. ಮೂರು ತಿಂಗಳ ನಂತರ ದೋಸೆ ಹಾಕುವವರೊಬ್ಬರು ತಮ್ಮ ಕೈಬರಹದ ಡೈರಿಯನ್ನು ತಂದು ತೋರಿಸಿದಾಗಲೇ, ಅವರ ಓವರ್‌ಟೈಮಿನಲ್ಲಿ ಒಂದೇ ಒಂದು ಗಂಟೆಯನ್ನೂ ಸಾಫ್ಟ್‌ವೇರ್ ಲೆಕ್ಕಕ್ಕೆ ಹಿಡಿದಿಲ್ಲವೆಂದು ನನಗೆ ತಿಳಿದದ್ದು. ಬಾಕಿಯನ್ನು ಕೊಡಿಸಿದೆವು, ಆದರೆ ಅಷ್ಟು ದಿನ ಅವರ ದುಡಿಮೆ ನನ್ನ ಒಂದು ಆಯ್ಕೆಯಿಂದ ಕಾಣೆಯಾಗಿತ್ತೆಂಬುದು ಈಗಲೂ ನೋಯಿಸುತ್ತದೆ.

ಕಾರಣ ಸರಳ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಅನೇಕವು ಅಮೆರಿಕದ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿವೆ. ಅಲ್ಲಿನ 1938ರ ಕಾನೂನಿನ ಪ್ರಕಾರ ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೂಲಿ ಸಿಗುತ್ತದೆ, ಆದರೆ ಸಂಬಳದ ಮೇಲಿರುವ ಕೆಲವು ವರ್ಗದವರಿಗೆ ಓವರ್‌ಟೈಂ ಇಲ್ಲ. ಈ ವಿನಾಯಿತಿಯೇ ಅನೇಕ ಸಾಫ್ಟ್‌ವೇರ್‌ಗಳಲ್ಲಿ 'ಸಂಬಳ' ಎಂದು ಆರಿಸಿದ ಕೂಡಲೇ ತಾನಾಗಿ ಜಾರಿಯಾಗುತ್ತದೆ. ನಮ್ಮಲ್ಲಿ ಕೂಲಿಯನ್ನು ಯಾವ ರೂಪದಲ್ಲಿ ಕೊಡುತ್ತೀರಿ ಎಂಬುದು ಮುಖ್ಯವಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿ, ಅದನ್ನು ಮೀರಿದ ದುಡಿಮೆಗೆ ಸಾಮಾನ್ಯ ದರದ ಎರಡು ಪಟ್ಟು ಕೊಡಬೇಕೆನ್ನುತ್ತದೆ. ಆಡಳಿತದ ಹೊಣೆ ಹೊತ್ತ ಸ್ಥಾನದಲ್ಲಿರುವವರಿಗೆ ವಿನಾಯಿತಿಯಿದೆ. ನಿಮ್ಮಲ್ಲಿ ಅದು ನಿಜವಾಗಿ ಮ್ಯಾನೇಜರ್ ಆಗಿರುವ ಒಬ್ಬರಿಗೆ ಅನ್ವಯಿಸೀತು. ಕ್ಯಾಶಿಯರ್‌ಗಾಗಲಿ, ಮುಖ್ಯ ಅಡುಗೆಯವರಿಗಾಗಲಿ ಅನ್ವಯಿಸುವುದಿಲ್ಲ. ಆದ್ದರಿಂದ ತಿಂಗಳ ಸಂಬಳದ ಉಳಿದ ಏಳು ಮಂದಿಯನ್ನು 'ಸಂಬಳ, ಓವರ್‌ಟೈಂಗೆ ಅರ್ಹ' ಎಂದು ನಮೂದಿಸಿ, ಅವರೂ ಬರುವಾಗ ಹೋಗುವಾಗ ಹಾಜರಿ ಒತ್ತುವಂತೆ ಏರ್ಪಾಡು ಮಾಡಿ. ಸಾಫ್ಟ್‌ವೇರ್‌ನಲ್ಲಿ ಅಂಥ ಆಯ್ಕೆಯೇ ಇಲ್ಲದಿದ್ದರೆ, ಅವರ ಹೆಚ್ಚುವರಿ ಗಂಟೆಗಳಿಗೆಂದೇ ಪ್ರತ್ಯೇಕ ದರದ ಒಂದು ಹುದ್ದೆಯನ್ನು ಸೃಷ್ಟಿಸಿಕೊಳ್ಳಬೇಕಾಗುತ್ತದೆ.

ಇನ್ನು ದರ. 20,800 ರೂಪಾಯಿಯನ್ನು ತಿಂಗಳ ಸರಾಸರಿ ಕೆಲಸದ ದಿನಗಳಾದ 26ರಿಂದ ಭಾಗಿಸಿದರೆ ದಿನಕ್ಕೆ 800, ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 100, ಓವರ್‌ಟೈಂಗೆ 200. ಕೆಲವು ಸಾಫ್ಟ್‌ವೇರ್‌ಗಳು ವಾರ್ಷಿಕ ಮೊತ್ತವನ್ನೇ ಕೇಳುತ್ತವೆ. ಆಗ 2,49,600 ಎಂದು ನಮೂದಿಸಿದರೆ ಅದು 52 ವಾರಗಳಿಂದ ಭಾಗಿಸಿ ವಾರಕ್ಕೆ 4,800 ಎಂದು ಲೆಕ್ಕ ಹಾಕುತ್ತದೆ. ಅಲ್ಲಿಯವರೆಗೆ ಸರಿಯೇ, ಏಕೆಂದರೆ ವಾರಕ್ಕೆ 6 ದಿನದಂತೆ 52 ವಾರಗಳೆಂದರೆ 312 ದಿನ, 26ನ್ನು 12ರಿಂದ ಗುಣಿಸಿದರೂ ಅಷ್ಟೇ. ಆದರೆ ವಾರದ ಗಂಟೆಗಳನ್ನು 40 ಎಂದೇ ಬಿಟ್ಟಿದ್ದರೆ ಗಂಟೆ ದರ 120 ಆಗಿ, ಒಂದೂವರೆ ಪಟ್ಟಿನ ಓವರ್‌ಟೈಂ 180 ಎಂದು ಬರುತ್ತದೆ. ಅದು 200ಕ್ಕೆ ಸಮೀಪವಿರುವುದರಿಂದ ತಪ್ಪು ಕಣ್ಣಿಗೆ ಬೀಳದೆ ಉಳಿದುಬಿಡುವ ಅಪಾಯವಿದೆ. ವಾರದ ಗಂಟೆ 48, ಗುಣಕ 2 ಎಂಬೆರಡನ್ನೂ ಮೊದಲು ತಿದ್ದಿ.

ಭಾಜಕದ ವಿಷಯದಲ್ಲಿ ಒಂದು ಮಾತು. ಗೈರುಹಾಜರಿಗೆ ಕಡಿತ ಮಾಡುವಾಗ 26ರಿಂದ ಭಾಗಿಸಿ 800 ಹಿಡಿಯುವುದು, ಓವರ್‌ಟೈಂ ಕೊಡುವಾಗ ಮಾತ್ರ 30ರಿಂದ ಭಾಗಿಸುವುದು ನಾನು ಕಂಡಿರುವ ಅಭ್ಯಾಸ. ಅದು ಅನ್ಯಾಯ ಎಂದೇ ಹೇಳುತ್ತೇನೆ. ಎರಡಕ್ಕೂ ಒಂದೇ ಭಾಜಕವಿರಲಿ, ಮತ್ತು ಅದನ್ನು ನೇಮಕಾತಿ ಪತ್ರದಲ್ಲಿಯೂ ಬರೆದಿಡಿ.

ನನ್ನ ಅನುಭವದಲ್ಲಿ ಅತಿ ಹೆಚ್ಚು ಹಣ ಕಳೆದುಹೋಗುವುದು ತಿಂಗಳು ಬದಲಾಗುವ ವಾರದಲ್ಲಿ. ನೀವು ಸಂಬಳ ಕೊಡುವ ಅವಧಿ ತಿಂಗಳು, ಓವರ್‌ಟೈಂ ಅಳೆಯುವ ಅವಧಿ ವಾರ. ತಿಂಗಳು ಬುಧವಾರಕ್ಕೆ ಮುಗಿಯಿತೆನ್ನಿ: ಸೋಮವಾರದಿಂದ ಬುಧವಾರದವರೆಗೆ ದಿನಕ್ಕೆ 9 ಗಂಟೆಯಂತೆ 27, ಗುರುವಾರದಿಂದ ಶನಿವಾರದವರೆಗೆ ಮತ್ತೆ 27, ಒಟ್ಟು 54 ಗಂಟೆ, ಅಂದರೆ 6 ಗಂಟೆ ಓವರ್‌ಟೈಂ. ಸಾಫ್ಟ್‌ವೇರ್ ಆ ವಾರವನ್ನು ಎರಡು ತುಂಡು ಮಾಡಿದರೆ ಎರಡು ತುಂಡೂ 48ಕ್ಕಿಂತ ಕಡಿಮೆ. 1,200 ರೂಪಾಯಿ ಯಾವ ವರದಿಯಲ್ಲೂ ಕಾಣುವುದಿಲ್ಲ. ವಾರ ಯಾವ ದಿನ ಆರಂಭವಾಗುತ್ತದೆಂಬುದನ್ನು ನಿಗದಿಪಡಿಸಿ, ಇಡೀ ವಾರದ ಓವರ್‌ಟೈಂ ಆ ವಾರ ಮುಗಿಯುವ ತಿಂಗಳಿಗೆ ಸೇರುತ್ತದೆಯೇ ಎಂದು ಪರೀಕ್ಷಿಸಿ.

ಗಂಟೆ ಲೆಕ್ಕದ ಆರು ಮಂದಿಯದು ಬೇರೆ ಬಗೆಯ ಎಚ್ಚರಿಕೆ. ಸಾಫ್ಟ್‌ವೇರ್ 8.30 ಎಂದು ತೋರಿಸುವುದು ಎಂಟೂವರೆ ಗಂಟೆಯಲ್ಲ, 8 ಗಂಟೆ 18 ನಿಮಿಷ, ಎಂಟೂವರೆಯನ್ನು 8.50 ಎಂದೇ ಬರೆಯಬೇಕು. ಬೆಳಿಗ್ಗೆ 7ರಿಂದ 11, ಮಧ್ಯಾಹ್ನ 3ರಿಂದ 7 ಎಂಬ ಎರಡು ಹೊತ್ತಿನ ಪಾಳಿಯನ್ನು ಎರಡು ಪ್ರತ್ಯೇಕ ಶಿಫ್ಟ್‌ಗಳಾಗಿ ನಮೂದಿಸಿ, ದಿನದ ಮೊತ್ತ ಕೂಡುತ್ತಿದೆಯೇ ನೋಡಿ. ಮೊದಲ ಶಿಫ್ಟ್‌ನಿಂದ ಕೊನೆಯದರವರೆಗೆ 12 ಗಂಟೆ ಮೀರುವಂತಿಲ್ಲ ಎಂಬ ನಿಯಮವೂ ಇದೆ. ಪೂರ್ತಿ ದಿನಕ್ಕೆಂದು ಬರಹೇಳಿ, ಗಿರಾಕಿಗಳಿಲ್ಲವೆಂದು ನೀವೇ ಮೂರು ಗಂಟೆ ಕೆಲಸವಾದ ಮೇಲೆ ಮನೆಗೆ ಕಳುಹಿಸಿದರೆ, ಕನಿಷ್ಠ ವೇತನದ ಕಾನೂನಿನಂತೆ ಅವರಿಗೆ ಇಡೀ ದಿನದ ಕೂಲಿ ಸಲ್ಲುತ್ತದೆ. ಹಾಜರಿಯ ಮೂರು ಗಂಟೆಯನ್ನು ಮಾತ್ರ ನೋಡುವ ಸಾಫ್ಟ್‌ವೇರ್‌ಗೆ ಇದು ಗೊತ್ತಿರುವುದಿಲ್ಲ, ಆ ದಿನಕ್ಕೆ ನೀವೇ ಕೈಯಿಂದ ಸೇರಿಸಬೇಕು.

ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕೃತವಾಗುವುದರಿಂದ, ಹಳೆಯ ದರವನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯಬೇಡಿ. ಜಾರಿಯ ದಿನಾಂಕದೊಂದಿಗೆ ಹೊಸ ಸಾಲನ್ನು ಸೇರಿಸಿ, ಇಲ್ಲವಾದರೆ ಮಾರ್ಚ್ ತಿಂಗಳ ವರದಿಯೂ ಬದಲಾಗಿಬಿಡುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಜನರಿರುವುದರಿಂದ ನಿಮಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯಿಸುತ್ತದೆ. ಅದರ 21,000 ರೂಪಾಯಿಯ ಮಿತಿಯನ್ನು ನೋಡುವಾಗ ಓವರ್‌ಟೈಂ ಸೇರುವುದಿಲ್ಲ, ಆದರೆ ನೌಕರರ ಶೇ. 0.75 ಮತ್ತು ಮಾಲೀಕರ ಶೇ. 3.25ರ ವಂತಿಗೆಯನ್ನು ಓವರ್‌ಟೈಂ ಮೇಲೆಯೂ ಕಟ್ಟಬೇಕು. ಆದ್ದರಿಂದ ವರದಿಯಲ್ಲಿ ಮೂಲ ಸಂಬಳ ಮತ್ತು ಓವರ್‌ಟೈಂ ಬೇರೆ ಬೇರೆ ಅಂಕಣಗಳಲ್ಲಿರಲಿ.

ಇಷ್ಟನ್ನು ಹೊಂದಿಸಿದ ಮೇಲೆ ಕೂಡಲೇ ಸಂಬಳ ಹಂಚಬೇಡಿ. ಕಳೆದ ತಿಂಗಳ ಹಾಜರಿ ಪುಸ್ತಕದಿಂದ ಸಂಬಳದ ಒಬ್ಬರನ್ನೂ ಗಂಟೆ ಲೆಕ್ಕದ ಒಬ್ಬರನ್ನೂ ಆರಿಸಿ, ಅವರ ಪ್ರತಿ ದಿನದ ವೇಳೆಯನ್ನು ಸಾಫ್ಟ್‌ವೇರ್‌ಗೆ ತುಂಬಿ, ಬಂದ ಮೊತ್ತವನ್ನು ಕಾಗದದ ಮೇಲೆ ನೀವೇ ಹಾಕಿದ ಲೆಕ್ಕದೊಂದಿಗೆ ಹೋಲಿಸಿ, ಆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.